ಕಾಯಿಲ್ ಪ್ರೈಮರ್: ಡ್ರಮ್‌ನಲ್ಲಿದ್ದಾಗಲೇ ಕ್ಯೂರ್ ಬೀಳುತ್ತಿದೆ, ಯಾವ ಬ್ಲಾಕ್ಡ್ ಕ್ಯಾಟಲಿಸ್ಟ್ ಹಾಕೋಣ?

ಪ್ರಶ್ನೆ: ಜಿಐ ಕಾಯಿಲ್‌ಗೆ (ಸತು ಲೇಪಿಸಿದ ಉಕ್ಕಿನ ಹಾಳೆಯ ಸುರುಳಿ) 5 ಮೈಕ್ರಾನ್ ಪಾಲಿಯೆಸ್ಟರ್-ಮೆಲಮೈನ್ ಪ್ರೈಮರ್. ತುಕ್ಕು ತಡೆಯುವ ಪಿಗ್ಮೆಂಟ್‌ನಲ್ಲಿ ಸ್ಟ್ರಾಂಷಿಯಂ ಕ್ರೋಮೇಟ್ ಬಿಟ್ಟು ಕ್ಯಾಲ್ಸಿಯಂ ಸಿಲಿಕಾ, ಜಿಂಕ್ ಫಾಸ್ಫೇಟ್‌ಗೆ ಬಂದಿದ್ದೇವೆ. ಕ್ಯೂರ್ (ಓವನ್‌ನಲ್ಲಿ ಫಿಲ್ಮ್ ಬೆಸೆದು ಗಟ್ಟಿಯಾಗುವುದು) ಚುರುಕು ಮಾಡುವ ಕ್ಯಾಟಲಿಸ್ಟ್ ಅಮೈನ್‌ನಿಂದ ಬ್ಲಾಕ್ ಮಾಡಿದ (ಬಿಸಿಯಾಗುವವರೆಗೆ ತಡೆದಿಟ್ಟ) ಪಿಟಿಎಸ್‌ಎ (ಪ್ಯಾರಾ-ಟೊಲೀನ್ ಸಲ್ಫೋನಿಕ್ ಆಸಿಡ್), ಪಿಎಂಟಿ (ಓವನ್‌ನಲ್ಲಿ ಹಾಳೆ ಮುಟ್ಟುವ ಗರಿಷ್ಠ ತಾಪ) 220 ಡಿಗ್ರಿ. ಹೊಸ ಬ್ಯಾಚ್ ಎಂಇಕೆ 50 ಡಬಲ್ ರಬ್ (ಎಂಇಕೆ ದ್ರಾವಕದಲ್ಲಿ ನೆನೆಸಿದ ಬಟ್ಟೆಯಿಂದ ಹಿಂದೆ-ಮುಂದೆ ಉಜ್ಜುವುದು) ತಡೆಯುತ್ತೆ, ತಿಂಗಳು ಕಳೆದ ಡ್ರಮ್ 15ಕ್ಕೇ ಬಿಡುತ್ತೆ. ಡೋಸ್ ಏರಿಸಬೇಕಾ?

ಉತ್ತರ 1: ಏರಿಸುವ ಮೊದಲು ಒಂದು ಪರೀಕ್ಷೆ ಮಾಡಿ ಸರ್. ಮುಚ್ಚಿದ ಡಬ್ಬವನ್ನು 50 ಡಿಗ್ರಿ ಓವನ್‌ನಲ್ಲಿ 14 ದಿನ ಇಡಿ. ಮೊದಲು ಮತ್ತು ಆಮೇಲೆ ಫೋರ್ಡ್ ಕಪ್ 4ರಲ್ಲಿ (ತಳದಲ್ಲಿ ತೂತಿರುವ ಅಳತೆ ಕಪ್) ವಿಸ್ಕಾಸಿಟಿ (ಬಣ್ಣದ ಮಂದತನ), ಅದೇ ಪಿಎಂಟಿಯಲ್ಲಿ ಎಂಇಕೆ, ಎರಡೂ ನೋಡಿ. ವಿಸ್ಕಾಸಿಟಿ ಏರಿದ್ದರೆ ಬ್ಲಾಕ್ ಸಡಿಲವಾಗಿ ಡಬ್ಬದಲ್ಲೇ ಕ್ಯೂರ್ ಶುರುವಾಗಿದೆ. ವಿಸ್ಕಾಸಿಟಿ ಹಾಗೇ ಇದ್ದು ಎಂಇಕೆ ಮಾತ್ರ ಬಿದ್ದಿದ್ದರೆ ಆಸಿಡ್ಡನ್ನು ಪಿಗ್ಮೆಂಟ್ ತಿಂದಿದೆ. ನಿಮ್ಮದು ಎರಡನೆಯದೇ ಅನ್ನಿಸುತ್ತೆ.

ಉತ್ತರ 2: ಹೌದು, ಕಾರಣ ಇಲ್ಲಿದೆ. ಅಮೈನ್ ಬ್ಲಾಕ್ ಅಂದರೆ ಒಂದು ಲವಣ. ಓವನ್‌ನಲ್ಲಿ ಅಮೈನ್ ಹಾರಿಹೋಗುತ್ತೆ, ಆಸಿಡ್ ಬಿಡುಗಡೆಯಾಗುತ್ತೆ. ಟ್ರೈಈಥೈಲ್‌ಅಮೈನ್ ಕುದಿಯುವುದೇ 89 ಡಿಗ್ರಿಯಲ್ಲಿ. ಆದರೆ ಕ್ಷಾರೀಯ ಸಿಲಿಕಾದ ಕ್ಯಾಲ್ಸಿಯಂ, ಜಿಂಕ್ ಫಾಸ್ಫೇಟ್‌ನಲ್ಲಿ ಉಳಿದ ಜಿಂಕ್ ಆಕ್ಸೈಡ್ ಇವು ನಿಧಾನಕ್ಕೆ ಅಮೈನ್ ಜಾಗಕ್ಕೆ ಬಂದು ಕೂರುತ್ತವೆ. ಕ್ಯಾಲ್ಸಿಯಂ ಹಾರಿಹೋಗುವ ವಸ್ತುವಲ್ಲ. 220 ಡಿಗ್ರಿಯಲ್ಲೂ ಆ ಲವಣ ಬಿಚ್ಚಿಕೊಳ್ಳದು. ಲೆಕ್ಕ ಹಾಕಿ ನೋಡಿ: 1 ಕೆಜಿ ಜಿಂಕ್ ಆಕ್ಸೈಡ್ ಸುಮಾರು 4.2 ಕೆಜಿ ಪಿಟಿಎಸ್‌ಎಯನ್ನು ನಿಷ್ಕ್ರಿಯ ಮಾಡಬಲ್ಲದು. ಡೋಸ್ ಏರಿಸಿ ಇದನ್ನು ಗೆಲ್ಲಲಾಗದು.

ಇನ್ನೊಂದು ಅಪಾಯ ಫಿಲ್ಮ್ ಒಳಗೆ. ಪಿಟಿಎಸ್‌ಎಯ ಕ್ಯಾಲ್ಸಿಯಂ, ಜಿಂಕ್ ಲವಣಗಳು ನೀರಲ್ಲಿ ಕರಗುತ್ತವೆ. ಪ್ರೈಮರ್ ಅಡಿಯಲ್ಲಿ ಅವು ತೇವ ಎಳೆದುಕೊಂಡರೆ ಹ್ಯೂಮಿಡಿಟಿ ಕ್ಯಾಬಿನೆಟ್‌ನಲ್ಲಿ ಸಣ್ಣ ಗುಳ್ಳೆ ಏಳುತ್ತೆ. ತುಕ್ಕು ತಡೆಯಲು ಹಾಕಿದ ಕೋಟೇ ತುಕ್ಕಿಗೆ ದಾರಿ ಮಾಡಿಕೊಡುತ್ತೆ. ಹಾಗಾಗಿ ಡಿಎನ್‌ಎನ್‌ಎಸ್‌ಎಗೆ (ಡೈನೊನೈಲ್‌ನ್ಯಾಫ್ತಲೀನ್ ಸಲ್ಫೋನಿಕ್ ಆಸಿಡ್) ಬನ್ನಿ. ಅದರ ಎರಡು ನೊನೈಲ್ ಬಾಲಗಳು ನೀರನ್ನು ದೂರ ಇಡುತ್ತವೆ. ಅದರ ಕ್ಯಾಲ್ಸಿಯಂ, ಬೇರಿಯಂ ಲವಣಗಳನ್ನು ತುಕ್ಕು ತಡೆಯುವ ಎಣ್ಣೆಗಳಲ್ಲೇ ಬಳಸುತ್ತಾರೆ. ಬ್ಲಾಕ್ ಮಾತ್ರ ಅಮೈನ್‌ದು ಬೇಡ, ಎಪಾಕ್ಸಿಯದು ತೆಗೆದುಕೊಳ್ಳಿ. ಅದು ಲವಣವಲ್ಲ, ಎಸ್ಟರ್. ಬಿಸಿಗೆ ತೆರೆದುಕೊಳ್ಳುವವರೆಗೆ ಪಿಗ್ಮೆಂಟ್‌ಗೆ ಸುಲಭವಾಗಿ ಸಿಗದು. ಅಮೈನ್ ಬ್ಲಾಕ್‌ಗಿಂತ ಹೆಚ್ಚು ಬಿಸಿ ಬೇಕು, ಆದರೆ ನಿಮ್ಮ ಪಿಎಂಟಿಗೆ ಅದು ದೊಡ್ಡ ಮಾತಲ್ಲ.

ಉತ್ತರ 3: ಬದಲಿಸುವಾಗ ತೂಕಕ್ಕೆ ತೂಕ ಹಾಕಬೇಡಿ, ಎಲ್ಲರೂ ಎಡವುವುದು ಇಲ್ಲೇ. ಪಿಟಿಎಸ್‌ಎ ಅಣುತೂಕ 172, ಡಿಎನ್‌ಎನ್‌ಎಸ್‌ಎ 460. ರೆಸಿನ್ ಘನಾಂಶದ ಮೇಲೆ 0.5% ಪಿಟಿಎಸ್‌ಎ ಇದ್ದರೆ ಅದೇ ಆಸಿಡ್ ಬಲಕ್ಕೆ ಸುಮಾರು 1.3% ಡಿಎನ್‌ಎನ್‌ಎಸ್‌ಎ ಬೇಕು. ಸಕ್ರಿಯ ಆಸಿಡ್ 25% ಇರುವ ಸರಕಾದರೆ 100 ಕೆಜಿ ಘನ ರೆಸಿನ್‌ಗೆ 5.3 ಕೆಜಿಯಷ್ಟಾಯಿತು. ಇದು ಹೋಲಿಕೆಯ ಲೆಕ್ಕ. ಟ್ರಯಲ್ ಅರ್ಧ ಡೋಸ್‌ನಿಂದ ಶುರುಮಾಡಿ ಮೇಲಕ್ಕೆ ಹೋಗಿ.

ಉತ್ತರ 4: ಲೈನ್ ಕಡೆಯಿಂದ ಒಂದು ಮಾತು. ಪ್ರೈಮರ್‌ನಲ್ಲಿ ಎಂಇಕೆ 100 ಬರಲೇಬೇಕು ಅಂತ ಹಟ ಹಿಡಿಯಬೇಡಿ. ಟಾಪ್‌ಕೋಟ್ ಓವನ್‌ನಲ್ಲಿ ಅದಕ್ಕೆ ಎರಡನೇ ಸಲ ಬಿಸಿ ಸಿಗುತ್ತೆ. ಕ್ಯಾಟಲಿಸ್ಟ್ ಜಾಸ್ತಿಯಾದರೆ ಮೆಲಮೈನ್ ತನಗೆ ತಾನೇ ಬೆಸೆದುಕೊಂಡು ಫಿಲ್ಮ್ ಬಿರುಸಾಗುತ್ತೆ, ಟಿ-ಬೆಂಡ್‌ನಲ್ಲಿ (ಹಾಳೆ ಮಡಚಿ ನೋಡುವ ಪರೀಕ್ಷೆ) ಬಿರುಕು ಬಿಡುತ್ತೆ, ಟಾಪ್‌ಕೋಟ್ ಹಿಡಿಯುವುದಿಲ್ಲ. ಮಡಿಕೆಯ ಮೇಲೆ ಟೇಪ್ ಎಳೆದಾಗ ಟಾಪ್‌ಕೋಟ್ ಮಾತ್ರ ಎದ್ದು ಪ್ರೈಮರ್ ಹಾಳೆಯಲ್ಲೇ ಉಳಿದರೆ ಅತಿ ಕ್ಯೂರ್ ಬಗ್ಗೆ ಮೊದಲು ಅನುಮಾನಪಡಿ. ಎಪಾಕ್ಸಿ ಬ್ಲಾಕ್‌ಗೆ ಬಂದ ಮೇಲೆ ಗೇಜ್ (ಹಾಳೆಯ ದಪ್ಪ) ಬದಲಾವಣೆಯೂ ಮುಖ್ಯ: 0.35 ಎಂಎಂನಿಂದ 0.8ಕ್ಕೆ ಹೋದಾಗ ಅದೇ ವೇಗದಲ್ಲಿ ಪಿಎಂಟಿ ಇಳಿಯುತ್ತೆ. ಹಾಳೆಯ ಹಿಂಬದಿಗೆ ಪಿಎಂಟಿ ಟೇಪ್ (ಮುಟ್ಟಿದ ತಾಪ ತೋರಿಸುವ ಪಟ್ಟಿ) ಅಂಟಿಸಿ ನೋಡಿಯೇ ವೇಗ ಹಿಡಿಯಿರಿ.

ಉತ್ತರ 5: ಕ್ಯಾಟಲಿಸ್ಟನ್ನು ಮಿಲ್ ಬೇಸ್‌ಗೆ (ಪಿಗ್ಮೆಂಟ್ ಅರೆಯುವ ಮಿಶ್ರಣ) ಹಾಕಲೇಬೇಡಿ. ಲೆಟ್‌ಡೌನ್ (ಅರೆದದ್ದಕ್ಕೆ ಉಳಿದ ರೆಸಿನ್, ದ್ರಾವಕ ಸೇರಿಸುವುದು) ಎಲ್ಲ ಮುಗಿದು, ಬಣ್ಣ 40 ಡಿಗ್ರಿಗಿಂತ ಕೆಳಗಿಳಿದ ಮೇಲೆ, ಬ್ಯುಟನಾಲ್‌ನಲ್ಲಿ ತೆಳುಮಾಡಿ, ಕಲಕುತ್ತಾ ನಿಧಾನಕ್ಕೆ ಸುರಿಯಿರಿ. ಈಗ ಉಳಿದಿರುವ ಹಳೆಯ ಡ್ರಮ್‌ಗಳಿಗೆ ಲೈನ್‌ಗೆ ಏರಿಸುವ ದಿನವೇ ಸ್ವಲ್ಪ ಕ್ಯಾಟಲಿಸ್ಟ್ ಸೇರಿಸಿ, ಪ್ಯಾನೆಲ್ ಬೇಯಿಸಿ, ಟಿ-ಬೆಂಡ್ ಮತ್ತು ಹ್ಯೂಮಿಡಿಟಿ ಎರಡೂ ನೋಡಿ. ಹ್ಯೂಮಿಡಿಟಿಯಲ್ಲಿ ಗುಳ್ಳೆ ಬಂದರೆ ಆ ಡ್ರಮ್ ಛಾವಣಿ ಶೀಟಿಗೆ ಹೋಗಬಾರದು.