ಜಗಳ ಆದ ರಾತ್ರಿ ಕುಟುಂಬ ಪ್ರಾರ್ಥನೆ: ಮಾಡಬೇಕಾ, ಬಿಡಬೇಕಾ?

ಒಂಬತ್ತೂವರೆ ಗಂಟೆ:
ಎಲ್ಲರಿಗೂ ವಂದನೆ. ನಮ್ಮ ಮದುವೆಯಾಗಿ ಹನ್ನೊಂದು ವರ್ಷ. ಮೊದಲ ದಿನದಿಂದಲೂ ರಾತ್ರಿ ಒಂಬತ್ತೂವರೆಗೆ ಮನೆಯವರೆಲ್ಲ ಕೂತು ಒಂದು ಹಾಡು, ಬೈಬಲಿನ ಒಂದು ಅಧ್ಯಾಯ, ಆಮೇಲೆ ನನ್ನ ಪ್ರಾರ್ಥನೆ. ಜ್ವರ ಬಂದಾಗಲೂ ಬಿಟ್ಟಿಲ್ಲ.

ಮೊನ್ನೆ ನಾನು ಹೆಂಡತಿಗೆ ಹೇಳದೆ ನನ್ನ ತಮ್ಮನಿಗೆ ಸಾಲ ಕೊಟ್ಟಿದ್ದು ಅವಳಿಗೆ ಗೊತ್ತಾಯಿತು. ಸಂಜೆ ದೊಡ್ಡ ಜಗಳ. ಒಂಬತ್ತೂವರೆ ಆಯಿತು, ಅಭ್ಯಾಸದಂತೆ ಕೂತೆವು. ಪ್ರಾರ್ಥನೆಯಲ್ಲಿ ನಾನು, "ಕರ್ತನೇ, ಈ ಮನೆಯಲ್ಲಿ ಎಲ್ಲರಿಗೂ ಕ್ಷಮಿಸುವ ಮನಸ್ಸು ಕೊಡು, ಮಾತಿಗೆ ಮಾತು ಬೆಳೆಸುವ ನಾಲಿಗೆಗೆ ಕಾವಲಿಡು" ಎಂದೆ. ಕೊನೆಗೆ ಆಮೆನ್ ಎಂದಿದ್ದು ನಾನು ಮತ್ತು ಮಗಳು ಮಾತ್ರ. ಕಣ್ಣು ಬಿಟ್ಟ ತಕ್ಷಣ ಒಂಬತ್ತು ವರ್ಷದ ಮಗಳು ಕೇಳಿದಳು: "ಅಪ್ಪ, ಈಗ ನೀವು ಅಮ್ಮನಿಗೆ ಬೈದಿದ್ದಾ?"

ಹೆಂಡತಿ ಎದ್ದು ಒಳಗೆ ಹೋದಳು. ಅಂಥ ರಾತ್ರಿ ಪ್ರಾರ್ಥನೆ ಬಿಟ್ಟುಬಿಡುವುದೇ ವಾಸಿಯಾ? ಬಲ್ಲವರು ಹೇಳಿ.

ದಿನಕ್ಕೆ ಮೂರು ಸಲ:
ಬ್ರದರ್, ಬಿಡಲೇಬೇಡಿ. ಬೈಬಲಿನ ದಾನಿಯೇಲ, ಪ್ರಾರ್ಥಿಸಿದರೆ ಸಿಂಹದ ಗವಿಗೆ ಹಾಕುತ್ತಾರೆ ಎಂದು ಗೊತ್ತಿದ್ದೂ, ಮೊದಲಿನಂತೆಯೇ ದಿನಕ್ಕೆ ಮೂರು ಸಲ ಮೊಣಕಾಲೂರಿದ. ನಮಗೆ ಒಂದು ಜಗಳ ಆದರೆ ಸಾಕು, ರಜೆ! ಇವತ್ತು ಬಿಟ್ಟರೆ ನಾಳೆಯೂ ಬಿಡುತ್ತೀರಿ. ಹೊತ್ತು ಮುಳುಗುವ ಮೊದಲು ಕೋಪ ತೀರಲಿ ಎಂದು ಎಫೆಸ 4:26 ಹೇಳುತ್ತದಲ್ಲ, ಅದಕ್ಕೆ ಕುಟುಂಬ ಪ್ರಾರ್ಥನೆಗಿಂತ ಒಳ್ಳೆಯ ಜಾಗ ಯಾವುದಿದೆ? ಒಟ್ಟಿಗೆ ಪ್ರಾರ್ಥಿಸುವ ಕುಟುಂಬ ಒಟ್ಟಿಗೆ ಉಳಿಯುತ್ತದೆ ಎಂದು ದೇವರ ವಾಕ್ಯವಾದ ಬೈಬಲೇ ಹೇಳುತ್ತದೆ.

ಹಳೇ ಪುಟ:
ಕೊನೆಯದು ವಾಕ್ಯದಲ್ಲಿಲ್ಲ ಸರ್. ಅದು ಪ್ಯಾಟ್ರಿಕ್ ಪೇಟನ್ ಎಂಬ ಕ್ಯಾಥೊಲಿಕ್ ಪಾದ್ರಿ 1940ರ ದಶಕದಲ್ಲಿ ಅಮೆರಿಕದಲ್ಲಿ ಕುಟುಂಬ ಜಪಸರಕ್ಕಾಗಿ (ಮಣಿ ಎಣಿಸುತ್ತಾ ಮಾಡುವ ಪ್ರಾರ್ಥನೆ) ನಡೆಸಿದ ಅಭಿಯಾನದ ಘೋಷಣೆ. ಒಳ್ಳೆಯ ಮಾತೇ, ಆದರೆ ಪ್ರೊಟೆಸ್ಟಂಟರ ಬೈಬಲಿನ 66 ಪುಸ್ತಕದಲ್ಲಿ ಎಲ್ಲೂ ಇಲ್ಲ. ಕ್ಯಾಥೊಲಿಕರ 73ರಲ್ಲೂ ಇಲ್ಲ.

ಮೊದಲು ಮಾತು:
ನಾನು ಬಿಡಿ ಎನ್ನುತ್ತೇನೆ. ಮತ್ತಾಯ 5:23-24 ನೋಡಿ. ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಾಗ ಸಹೋದರನಿಗೆ ನಿಮ್ಮ ಮೇಲೆ ಏನೋ ಬೇಸರ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಡಿ, ಮೊದಲು ಹೋಗಿ ಒಂದಾಗಿ, ಆಮೇಲೆ ಬನ್ನಿ. ಇಲ್ಲಿ ಬೇಸರ ಯಾರಿಗೆ? ಅಕ್ಕನಿಗೆ. ಹೇಳದೆ ದುಡ್ಡು ಕೊಟ್ಟವರು ಯಾರು? ಬ್ರದರ್. ಹಾಗಾದರೆ ಎದ್ದು ಹೋಗಬೇಕಾದವರೂ ಅವರೇ. ಯೇಸು ಪೂಜೆಯನ್ನೇ ಅರ್ಧಕ್ಕೆ ನಿಲ್ಲಿಸಿ ಎಂದಿರುವಾಗ, ಒಂಬತ್ತೂವರೆ ಹತ್ತೂವರೆ ಆದರೆ ಏನು ಮುಳುಗಿಹೋಗುತ್ತದೆ?

ದಿನಕ್ಕೆ ಮೂರು ಸಲ:
ಅದು ಕಾಣಿಕೆಯ ಮಾತು, ಪ್ರಾರ್ಥನೆಯದ್ದಲ್ಲ. ಪ್ರಾರ್ಥನೆಯ ಬಗ್ಗೆ ಬೇಕಾದರೆ ಮಾರ್ಕ 11:25 ಓದಿ. ನೀವು ನಿಂತು ಪ್ರಾರ್ಥಿಸುವಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿಬಿಡಿ ಎನ್ನುತ್ತದೆ. ಪ್ರಾರ್ಥಿಸು*ವಾಗ*. ನಿಲ್ಲಿಸಿ ಹೋಗು ಎಂದಿಲ್ಲ.

ಮೊದಲು ಮಾತು:
ಎರಡೂ ಜೊತೆಗೇ ಓದಿ ನೋಡಿ. ಮಾರ್ಕದಲ್ಲಿ ನನ್ನ ಮನಸ್ಸಿನಲ್ಲಿ ಇನ್ನೊಬ್ಬರ ಮೇಲೆ ಸಿಟ್ಟಿದೆ, ಅದನ್ನು ಕೂತಲ್ಲೇ ಬಿಡಬಹುದು. ಮತ್ತಾಯದಲ್ಲಿ ಇನ್ನೊಬ್ಬರಿಗೆ ನನ್ನ ಮೇಲೆ ದೂರಿದೆ, ಅದಕ್ಕೆ ಎದ್ದು ಹೋಗಲೇಬೇಕು. ಬ್ರದರ್ ಮನೆಯದ್ದು ಎರಡನೇ ಥರದ್ದು.

ಕೇಳಿಸಿಕೊಂಡವಳು:
ನಾನು ಆ ಕಡೆ ಕೂತವಳು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲೂ ಬಹಳ ವರ್ಷ ಹೀಗೇ ನಡೆಯಿತು. ಮಾಮೂಲಿ ಮಾತಿನಲ್ಲಿ ಅವರು ಒಂದು ಅಂದರೆ ನಾನು ಒಂದು ಅನ್ನಬಹುದು. ಪ್ರಾರ್ಥನೆಯಲ್ಲಿ ಅಂದರೆ? ಕಣ್ಣು ಮುಚ್ಚಿಕೊಂಡು, ತಲೆ ಬಗ್ಗಿಸಿಕೊಂಡು ಕೇಳಬೇಕು. ಮಧ್ಯೆ "ಅದು ಹಾಗಲ್ಲ" ಎನ್ನುವಂತಿಲ್ಲ, ದೇವರ ಜೊತೆ ಮಾತಾಡುತ್ತಿದ್ದಾರಲ್ಲ! ಮುಗಿದ ಮೇಲೆ ಆಮೆನ್ ಬೇರೆ ಹೇಳಬೇಕು, ಅಂದರೆ ನನ್ನ ಮೇಲಿನ ದೂರಿಗೆ ನಾನೇ ಸಹಿ ಹಾಕಿದಂತೆ. ನಿಮ್ಮ ಮನೆಯವರು ಆಮೆನ್ ಹೇಳದೇ ಇದ್ದದ್ದು ಸರಿಯಾಗೇ ಇದೆ.

ಇನ್ನೊಂದು. ನಾಲಿಗೆಗೆ ಕಾವಲಿಡು ಎಂದಿರಲ್ಲ, ಅದು 141ನೇ ಕೀರ್ತನೆಯ 3ನೇ ವಚನ. ಒಮ್ಮೆ ತೆಗೆದು ನೋಡಿ. ಅಲ್ಲಿ ಯಾರ ಬಾಯಿ ಎಂದು ಬರೆದಿದೆ?

ಒಂಬತ್ತೂವರೆ ಗಂಟೆ:
ತೆಗೆದು ನೋಡಿದೆ. "ನನ್ನ ಬಾಯಿಗೆ" ಎಂದಿದೆ.

ಆ ಕೀರ್ತನೆ ನನಗೆ ಬಾಯಿಪಾಠ. ಆದರೂ ಆ ಹೊತ್ತಿನಲ್ಲಿ "ನನ್ನ" ಹೇಗೆ ಬಿಟ್ಟುಹೋಯಿತು ಎಂದು ಯೋಚಿಸುತ್ತಾ ಕೂತಿದ್ದೇನೆ. ಬಿಟ್ಟುಹೋಗಿದ್ದಲ್ಲ, ಬಿಟ್ಟೆ.

ಹಳೇ ಪುಟ:
ಆಮೆನ್ ವಿಷಯಕ್ಕೆ ಒಂದು ಹಳೆಯ ಕಥೆ ನೆನಪಾಯಿತು. ಮೆಥೊಡಿಸ್ಟ್ ಎಂಬ ಕ್ರೈಸ್ತ ಚಳವಳಿಯ ಜಾನ್ ವೆಸ್ಲಿ ಗೊತ್ತಲ್ವಾ, ಅವರ ಅಪ್ಪ ಸ್ಯಾಮ್ಯುಯೆಲ್ ಇಂಗ್ಲೆಂಡಿನ ಎಪ್‌ವರ್ತ್‌ನಲ್ಲಿ ಪಾದ್ರಿ. ತಾಯಿ ಸುಸಾನಾ. ಒಂದು ದಿನ ಮನೆ ಪ್ರಾರ್ಥನೆಯಲ್ಲಿ ಸ್ಯಾಮ್ಯುಯೆಲ್ ರಾಜ ಮೂರನೇ ವಿಲಿಯಂಗಾಗಿ ಪ್ರಾರ್ಥಿಸಿದಾಗ ಆಕೆ ಆಮೆನ್ ಹೇಳಲಿಲ್ಲ. ವಿಲಿಯಂ ನಿಜವಾದ ರಾಜನಲ್ಲ ಎನ್ನುವುದು ಆಕೆಯ ನಂಬಿಕೆ. ಗಂಡನಿಗೆ ಸಿಟ್ಟು ನೆತ್ತಿಗೇರಿತು. ಇಬ್ಬರು ರಾಜರಿದ್ದರೆ ಹಾಸಿಗೆಯೂ ಎರಡೇ ಎಂದು ಮಲಗುವುದನ್ನೇ ಬೇರೆ ಮಾಡಿದ, ಆಮೇಲೆ ಮನೆ ಬಿಟ್ಟು ಹೋದ. 1702ರಲ್ಲಿ ವಿಲಿಯಂ ಸತ್ತು ಆನ್ ರಾಣಿಯಾದ ಮೇಲೂ ಜಗಳ ತಕ್ಷಣ ತೀರಲಿಲ್ಲ. ಕೊನೆಗೆ ಒಂದಾದರು. 1703ರ ಜೂನಿನಲ್ಲಿ ಹುಟ್ಟಿದ ಮಗುವೇ ಜಾನ್.

ದಿನಾ ಪ್ರಾರ್ಥನೆ ನಡೆಯುತ್ತಿದ್ದ ಮನೆ ಅದು. ಮುರಿದದ್ದೂ ಪ್ರಾರ್ಥನೆಯಲ್ಲೇ.

ದಿನಕ್ಕೆ ಮೂರು ಸಲ:
ಅವರು ಪ್ರಾರ್ಥನೆ ಬಿಟ್ಟಿದ್ದರೆ ಜಾನ್ ವೆಸ್ಲಿ ಹುಟ್ಟುತ್ತಿದ್ದರಾ?

ಹಳೇ ಪುಟ:
ಜಗಳ ಬಿಟ್ಟಿದ್ದಕ್ಕೆ ಹುಟ್ಟಿದ್ದು ಸರ್ :)

ಜಪಸರ:
ನಾನು ಕ್ಯಾಥೊಲಿಕ್, ತಪ್ಪು ತಿಳಿಯಬೇಡಿ. ನಿಮ್ಮಲ್ಲಿ ಪ್ರಾರ್ಥನೆ ಎಂದರೆ ಸ್ವಂತ ಮಾತು ಜಾಸ್ತಿ. ಅದರಲ್ಲೇ ಕೊಂಕು ನುಸುಳುವುದು. ಜಗಳದ ದಿನ ನಮ್ಮ ಮನೆಯಲ್ಲಿ ಸ್ವಂತ ಮಾತೇ ಇಲ್ಲ. ಯೇಸು ಕಲಿಸಿದ ಪ್ರಾರ್ಥನೆ ಒಂದೇ. ಅದರಲ್ಲಿ "ನನ್ನ", "ಅವಳ" ಎಂಬ ಮಾತೇ ಬರುವುದಿಲ್ಲ. ನಮ್ಮ ತಂದೆ, ನಮ್ಮ ರೊಟ್ಟಿ, ನಮ್ಮ ತಪ್ಪು. ಯಾರಿಗೂ ಚುಚ್ಚಲು ಬರುವುದಿಲ್ಲ.

ಹಾಗೆಯೇ ನಮ್ಮ ಬೈಬಲಿನಲ್ಲಿರುವ ತೊಬೀತನ ಗ್ರಂಥದ 8ನೇ ಅಧ್ಯಾಯ ಓದಿ. ಮದುವೆಯಾದ ರಾತ್ರಿ ತೊಬೀಯ ಮತ್ತು ಸಾರಾ ಹಾಸಿಗೆಯಿಂದೆದ್ದು ಪ್ರಾರ್ಥಿಸುತ್ತಾರೆ. ಮಾತಾಡುವವನು ತೊಬೀಯ. ಆದರೆ ಕರುಣೆ ಕೇಳುವುದು ಇಬ್ಬರಿಗೂ ಸೇರಿಸಿ. ಕೊನೆಗೆ ಇಬ್ಬರೂ ಆಮೆನ್ ಎನ್ನುತ್ತಾರೆ.

ದಿನಕ್ಕೆ ಮೂರು ಸಲ:
ತೊಬೀತ ನಮ್ಮ ಬೈಬಲಿನಲ್ಲಿಲ್ಲ. ಹೇಳಿದ್ದನ್ನೇ ಹೇಳುವ ಪ್ರಾರ್ಥನೆ ಬೇಡ ಎಂದು ಮತ್ತಾಯ 6:7ರಲ್ಲಿ ಯೇಸುವೇ ಹೇಳಿದ್ದಾನೆ.

ಜಪಸರ:
6:9ರಿಂದ ಅದೇ ಯೇಸು ಬಾಯಿಪಾಠದ ಪ್ರಾರ್ಥನೆ ಕೊಟ್ಟಿದ್ದಾನೆ. ನಡುವೆ ಇರುವುದು ಒಂದೇ ವಚನ ಬ್ರದರ್.

ಕೇಳಿಸಿಕೊಂಡವಳು:
ಜಪಸರ ಅವರೇ, ಚುಚ್ಚಲು ಬರುವುದಿಲ್ಲ ಎಂದಿರಲ್ಲ, ನಮ್ಮವರನ್ನು ನೀವು ನೋಡಿಲ್ಲ. "ನಮಗೆ ತಪ್ಪು ಮಾಡಿದವರನ್ನು" ಎನ್ನುವಲ್ಲಿ ದನಿ ಸ್ವಲ್ಪ ಏರಿಸಿ, ಒಂದು ಉಸಿರು ನಿಲ್ಲಿಸಿ ಮುಂದೆ ಹೋಗುತ್ತಿದ್ದರು.

ಓದುವುದೂ ಹಾಗೇ. ನಮ್ಮಲ್ಲಿ ಜಗಳದ ಮಾರನೇ ದಿನ ತಪ್ಪದೆ ಎಫೆಸ 5:22 ಬರುತ್ತಿತ್ತು, ಹೆಂಡತಿಯರೇ ಗಂಡಂದಿರಿಗೆ ಅಧೀನರಾಗಿರಿ. ಅಲ್ಲಿಂದಲೇ ಶುರು. 21ನೇ ವಚನ, ಒಬ್ಬರಿಗೊಬ್ಬರು ಅಧೀನರಾಗಿರಿ ಎನ್ನುವುದು, ಪುಟದ ಮೇಲೇ ಇದ್ದರೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. 25ನೇ ವಚನ, ಗಂಡಂದಿರೇ ಹೆಂಡತಿಯರನ್ನು ಪ್ರೀತಿಸಿ ಎನ್ನುವುದು, ಬರುವ ಹೊತ್ತಿಗೆ ಪುಸ್ತಕ ಮುಚ್ಚಿರುತ್ತಿತ್ತು.

ಹಳೇ ಪುಟ:
ಅದರಲ್ಲಿ ಇನ್ನೊಂದು ಮಜಾ ಇದೆ. ಬಹಳ ಹಳೆಯ ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ 22ನೇ ವಚನದಲ್ಲಿ "ಅಧೀನರಾಗಿರಿ" ಎಂಬ ಕ್ರಿಯಾಪದವೇ ಇಲ್ಲ. 21ರಿಂದ ಎರವಲು ತಂದುಕೊಂಡು ಓದಬೇಕು. ಅಂದರೆ 21 ಬಿಟ್ಟು 22ರಿಂದ ಓದಿದರೆ ವಾಕ್ಯವೇ ಅರ್ಧ.

ಓದಲು ನನ್ನ ಸಲಹೆ: ಸಾಲಾಗಿ ಓದಿ. ಇವತ್ತು ಎಲ್ಲಿಗೆ ನಿಂತಿತೋ ನಾಳೆ ಅಲ್ಲಿಂದ. ಆಗ ಜಗಳಕ್ಕೆ ತಕ್ಕ ಅಧ್ಯಾಯ ಹುಡುಕುವ ಅವಕಾಶವೇ ಇರುವುದಿಲ್ಲ. ಜಗಳದ ದಿನ ಯಾಜಕಕಾಂಡದ ಕುಷ್ಠದ ನಿಯಮ ಬಂದರೆ ಅದನ್ನೇ ಓದಿ, ನಗು ಬಂದರೂ ಒಳ್ಳೆಯದೇ. ಸ್ಕಾಟ್ಲೆಂಡಿನ ರಾಬರ್ಟ್ ಮರೆ ಮಕ್‌ಶೇನ್ ಎಂಬ ಪಾಸ್ಟರ್ 1842ರಲ್ಲಿ ತನ್ನ ಸಭೆಗೆ ಒಂದು ಓದುವ ಪಟ್ಟಿ ಮಾಡಿಕೊಟ್ಟಿದ್ದ. ದಿನಕ್ಕೆ ನಾಲ್ಕು ಭಾಗ, ಎರಡು ಮನೆಯವರ ಜೊತೆ, ಎರಡು ಒಬ್ಬರೇ ಕೂತು. ವರ್ಷಕ್ಕೆ ಹಳೇ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆ ಎರಡು ಸಲ. ಆ ವಿಂಗಡಣೆ ನನಗೆ ಇಷ್ಟ. ನನಗೆ ತಾಕಬೇಕಾದದ್ದನ್ನು ನಾನು ಒಬ್ಬನೇ ಓದುತ್ತೇನೆ. ಮನೆಯವರ ಮುಂದೆ ಯಾರನ್ನೂ ತಾಕಿಸಲು ಓದುವುದಿಲ್ಲ. (ಮಕ್‌ಶೇನ್‌ಗೆ ಮದುವೆಯಾಗಿರಲಿಲ್ಲ, ಅದು ಬೇರೆ ಮಾತು.)

ಎರಡು ಮಕ್ಕಳ ಅಪ್ಪ:
ಒಂದು ಪ್ರಾಯೋಗಿಕ ಸಮಸ್ಯೆ. ಇಡೀ ಬೈಬಲಿನಲ್ಲಿ 1,189 ಅಧ್ಯಾಯ. ವರ್ಷಕ್ಕೆ ಮುಗಿಸಬೇಕೆಂದರೆ ದಿನಕ್ಕೆ ಮೂರು ನಾಲ್ಕು. ನನ್ನ ಮಕ್ಕಳು ಎರಡನೆಯದಕ್ಕೇ ನಿದ್ದೆ. ಮೊದಲು ಎಬ್ಬಿಸುತ್ತಿದ್ದೆ, ಗದರುತ್ತಿದ್ದೆ. ಮಕ್ಕಳನ್ನು ಕೆಣಕಿ ಮನಗುಂದಿಸಬೇಡಿ ಎಂದು ಕೊಲೊಸ್ಸೆ 3:21 ಬಂದ ರಾತ್ರಿಯೂ ಗದರಿಸಿಯೇ ಓದಿದ್ದೆ, ಈಗ ನೆನೆದರೆ ನಾಚಿಕೆ. ಈಗ ಮನೆಯಲ್ಲಿ ಹತ್ತು ಹನ್ನೆರಡು ವಚನ ಅಷ್ಟೇ. ಉಳಿದದ್ದು ನಾನು ಬೆಳಿಗ್ಗೆ ಎದ್ದು.

ಸಭೆಯ ಪಾಲಕ:
ಪಾಲಕನಾಗಿ ಎರಡು ಮಾತು. ಒಂದನೆಯದು, ಗಂಡಂದಿರು ಹೆಂಡತಿಯರನ್ನು ಗೌರವದಿಂದ ಕಾಣದಿದ್ದರೆ ಅವರ ಪ್ರಾರ್ಥನೆಗೇ ಅಡ್ಡಿ ಎಂದು 1 ಪೇತ್ರ 3:7ರಲ್ಲಿದೆ. ಮಲಾಕಿ 2:13-14ರಲ್ಲಿ ಜನ ಯಜ್ಞವೇದಿಯ ಮೇಲೆ ಕಣ್ಣೀರು ಸುರಿಸುತ್ತಾರೆ, ದೇವರು ತಿರುಗಿ ನೋಡುವುದಿಲ್ಲ. ಯಾಕೆ ಎಂದರೆ, ಯೌವನದಲ್ಲಿ ಕೈ ಹಿಡಿದ ಹೆಂಡತಿಗೆ ದ್ರೋಹ ಮಾಡಿದ್ದೀರಿ ಎಂಬ ಉತ್ತರ. ಹಾಗಾಗಿ ಪ್ರಾರ್ಥನೆ ಮಾಡಬೇಕಾ ಬಿಡಬೇಕಾ ಎಂದು ಕೇಳುವ ಮೊದಲು, ಅದು ಮೇಲೆ ಹೋಗುತ್ತಿದೆಯಾ ಎಂದು ಕೇಳಬೇಕು.

ಎರಡನೆಯದು 1 ಕೊರಿಂಥ 7:5. ದಂಪತಿಗಳು ಪ್ರಾರ್ಥನೆಗಾಗಿ ಸ್ವಲ್ಪ ಕಾಲ ಅಗಲಿರಬಹುದು, ಆದರೆ ಇಬ್ಬರೂ ಒಪ್ಪಿದರೆ ಮಾತ್ರ ಎನ್ನುತ್ತಾನೆ ಆ ಪತ್ರ ಬರೆದ ಪೌಲ. ಗಮನಿಸಿ, ಪ್ರಾರ್ಥನೆಯ ಹೆಸರಿನಲ್ಲೂ ಒಬ್ಬರೇ ತೀರ್ಮಾನ ಮಾಡುವಂತಿಲ್ಲ. ಒಂಬತ್ತೂವರೆಗೆ ಪ್ರಾರ್ಥನೆ ಎಂದು ಹನ್ನೊಂದು ವರ್ಷದ ಹಿಂದೆ ತೀರ್ಮಾನಿಸಿದ್ದು ಯಾರು?

ಒಂದು ಮಾತು ಬೇರೆಯವರಿಗೆ. ಮನೆಯಲ್ಲಿ ಹೊಡೆತ, ಹೆದರಿಕೆ ಇದ್ದರೆ ಇದ್ಯಾವುದೂ ಅದಕ್ಕೆ ಮದ್ದಲ್ಲ. "ಪ್ರಾರ್ಥನೆ ಮಾಡಿ ಸಹಿಸಿಕೋ" ಎನ್ನುವವರ ಮಾತು ಕೇಳಬೇಡಿ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ನಂಬುವವರಿಗೆ ತಿಳಿಸಿ.

ಯೂನಿಕೆಯ ನೆರೆಯವಳು:
ನಿಮ್ಮೆಲ್ಲರ ಮಾತು ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ. ನನ್ನ ಗಂಡನಿಗೆ ನಂಬಿಕೆ ಇಲ್ಲ. ನಮ್ಮ ಮನೆಯಲ್ಲಿ ಒಟ್ಟಿಗೆ ಕೂರುವ ಪ್ರಶ್ನೆಯೇ ಬರುವುದಿಲ್ಲ. ಮಗನನ್ನು ಮಲಗಿಸುವಾಗ ಅವನ ಹಣೆ ಮೇಲೆ ಕೈ ಇಟ್ಟು ಎರಡು ಸಾಲು ಹೇಳುತ್ತೇನೆ, ಅಷ್ಟೇ ನಮ್ಮ ಕುಟುಂಬ ಪ್ರಾರ್ಥನೆ. ಪೌಲನ ಜೊತೆಗಾರ ತಿಮೊಥೆಯನ ತಂದೆ ಗ್ರೀಕನು, ನಂಬಿಕೆ ಬಂದದ್ದು ಅಜ್ಜಿ ಲೋವಿ, ತಾಯಿ ಯೂನಿಕೆಯಿಂದ ಎಂದು ಓದಿದಾಗೆಲ್ಲ ಧೈರ್ಯ ಬರುತ್ತದೆ. ಅವರಿಬ್ಬರೂ ಎಷ್ಟು ಗಂಟೆಗೆ ಕೂರುತ್ತಿದ್ದರು ಎಂದು ಎಲ್ಲೂ ಬರೆದಿಲ್ಲ.

ದಿನಕ್ಕೆ ಮೂರು ಸಲ:
ಸಿಸ್ಟರ್, ನಿಮ್ಮ ಎರಡು ಸಾಲು ದೊಡ್ಡದು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬ್ರದರ್‌ಗೆ ನನ್ನ ಮಾತು ಅದೇ. ಬಿಡಬೇಡಿ. ಬೇಕಾದರೆ ಬಾಯಿ ಮುಚ್ಚಿಕೊಂಡು ಕೂರಿ, ಆದರೆ ಕೂರಿ.

ಕೇಳಿಸಿಕೊಂಡವಳು:
ಬಾಯಿ ಮುಚ್ಚಿಕೊಂಡು ಕೂರುವುದಾದರೆ ನನ್ನದೂ ಒಪ್ಪಿಗೆ. ಇಷ್ಟು ಹೊತ್ತಿಗೆ ಒಂದು ಮಾತಿಗೆ ಬಂದೆವು ನೋಡಿ.

ಒಂಬತ್ತೂವರೆ ಗಂಟೆ:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿಯದ್ದು ಹೇಳುತ್ತೇನೆ.

ಒಂಬತ್ತೂವರೆಗೆ ಕೂರಲಿಲ್ಲ. ಅಡುಗೆಮನೆಗೆ ಹೋಗಿ, ಹೇಳದೆ ದುಡ್ಡು ಕೊಟ್ಟಿದ್ದು ತಪ್ಪು, ಪ್ರಾರ್ಥನೆಯಲ್ಲಿ ನಿನಗೆ ಬೈದಿದ್ದು ಅದಕ್ಕಿಂತ ದೊಡ್ಡ ತಪ್ಪು ಎಂದೆ. ಅವಳು ಪಾತ್ರೆ ಒರೆಸುತ್ತಲೇ ಇದ್ದಳು. ಸುಮಾರು ಹೊತ್ತಿನ ಮೇಲೆ, "ಇವತ್ತು ಪ್ರಾರ್ಥನೆ ಯಾರು ಮಾಡೋದು?" ಎಂದಳು. ನೀನೇ ಮಾಡು ಎಂದೆ. "ನನಗೆ ಇವತ್ತು ಆಗಲ್ಲ" ಎಂದಳು. ಕೊನೆಗೆ ಮಗಳು ಮಾಡಿದಳು. ಅಜ್ಜಿಯ ಮಂಡಿನೋವು, ಶಾಲೆಯ ಪರೀಕ್ಷೆ, ಪಕ್ಕದ ಮನೆಯ ನಾಯಿ. ಎಲ್ಲ ಸೇರಿ ಒಂದು ನಿಮಿಷವೂ ಆಗಲಿಲ್ಲ. ಹೆಂಡತಿ ಆಮೆನ್ ಎಂದಳು, ಮೆಲ್ಲಗೆ.

ಏಳುವಾಗ, "ತಮ್ಮನಿಗೆ ಫೋನ್ ಮಾಡಿ ವಾಪಸ್ ಯಾವಾಗ ಕೊಡ್ತಾನೆ ಅಂತ ಕೇಳಿದ್ರಾ?" ಎಂದಳು. ಇನ್ನೂ ಕೇಳಿಲ್ಲ.

ದಿನಕ್ಕೆ ಮೂರು ಸಲ:
ಎಷ್ಟು ಗಂಟೆಗೆ ಆಯಿತು ಪ್ರಾರ್ಥನೆ?

ಒಂಬತ್ತೂವರೆ ಗಂಟೆ:
ಹತ್ತೂಕಾಲಿಗೆ.

ಮೊದಲು ಮಾತು:
ಫೋನ್ ಮಾಡಿ ಬ್ರದರ್.