ಪೈಗಳ ಹರ್ನಿಯಾ ಮತ್ತು ಡೀಲಕ್ಸ್ ರೂಮು

ಮಂಗಳೂರಿನಲ್ಲಿ ಕಾಯಿಲೆ ಬಿದ್ದವನಿಗೆ ಆಸ್ಪತ್ರೆ ಸಿಗಲಿಕ್ಕಿಲ್ಲ ಎಂಬ ಭಯವಿಲ್ಲ. ಯಾವುದಕ್ಕೆ ಹೋಗುವುದೆಂಬ ಗೊಂದಲವೇ ಹೆಚ್ಚು. ಹಂಪನಕಟ್ಟೆಯಲ್ಲಿ 1848ರಷ್ಟು ಹಳೆಯದಾದ ಸರಕಾರಿ ಆಸ್ಪತ್ರೆ ವೆನ್ಲಾಕ್ ಉಂಟು, ಹೆರಿಗೆಗೆ ಲೇಡಿಗೋಷನ್ ಉಂಟು, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಗುಳಿಗೆ ಹಂಚುತ್ತ ಆರಂಭಿಸಿದ ಸೇವೆಯಿಂದ ಬೆಳೆದ ಆಸ್ಪತ್ರೆ ಉಂಟು, ಕಸ್ತೂರ್ಬಾ ವೈದ್ಯಕೀಯ ಕಾಲೇಜು ಉಂಟು, ಆಮೇಲೆ ದೇರಳಕಟ್ಟೆಯ ಕಡೆಗೆ ಒಂದರ ಬೆನ್ನಿಗೆ ಒಂದರಂತೆ ಎದ್ದ ಕಾಲೇಜುಗಳೂ ಉಂಟು. ಇವೆಲ್ಲವನ್ನೂ ನಂಬಿ ಕಾಸರಗೋಡಿನಿಂದಲೂ ಉತ್ತರ ಕನ್ನಡದಿಂದಲೂ ಘಟ್ಟದ ಮೇಲಿನಿಂದಲೂ ಜನ ಬಸ್ಸು ಹಿಡಿದು ಬರುತ್ತಾರೆ. ಅಂಗಡಿಗಳು ಹೆಚ್ಚಿದಷ್ಟೂ ದರ ಇಳಿಯುತ್ತದೆಂದು ಅರ್ಥಶಾಸ್ತ್ರ ಓದಿದವರು ಹೇಳುವುದುಂಟು. ಅವರು ನಮ್ಮ ಪೈಗಳ ಬಿಲ್ಲನ್ನು ಓದಿದವರಲ್ಲ.

ಪೈಗಳು ಬಂದರಿನಲ್ಲಿ ಜೀನಸಿನ ಸಗಟು ವ್ಯಾಪಾರ ಮಾಡುವವರು. ಮೆಣಸಿನ ಗೋಣಿಯನ್ನು ಒಮ್ಮೆ ಎತ್ತಿ ನೋಡಿ ಎಷ್ಟು ಕಿಲೋ ಕಡಿಮೆ ಬಂದಿದೆ ಎಂದು ಹೇಳಬಲ್ಲ ಈ ಮನುಷ್ಯನಿಗೆ ಹರ್ನಿಯಾ ಆದದ್ದೂ ಬಹುಶಃ ಹಾಗೆ ಎತ್ತಿ ನೋಡಿಯೇ ಇರಬೇಕು. ಆಪರೇಶನ್ ಮುಗಿಸಿಕೊಂಡು ರಥಬೀದಿಯ ಮನೆಗೆ ಮರಳಿದ ಅವರನ್ನು ಕಂಡು ಬರಲೆಂದು ನಾವು ಹೋದೆವು. ಬ್ಯಾಂಕಿನಿಂದ ನಿವೃತ್ತರಾದ ಶೆಟ್ಟರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಡಿಸೋಜ ಟೀಚರ್, ಮದುವೆ ಮುಂಜಿಗಳ ಅಡುಗೆಯ ಗುತ್ತಿಗೆ ಹಿಡಿಯುವ ಭಟ್ಟರು, ಹಾರ್ಲಿಕ್ಸ್ ಬಾಟಲಿ ಹೊತ್ತುಕೊಂಡ ನಾನು, ಇಷ್ಟು ಜನ. ಆಪರೇಶನ್ ಆದವರು ಸಾಮಾನ್ಯವಾಗಿ ಹೊಲಿಗೆಯ ಕಥೆ ಹೇಳುತ್ತಾರೆ. ಪೈಗಳು ಆ ಸುದ್ದಿಯನ್ನೇ ಎತ್ತದೆ ದಿಂಬಿನಡಿಯಿಂದ ಬಿಲ್ಲಿನ ಕಡತವನ್ನು ಹೊರತೆಗೆದರು.

“5 ಲಕ್ಷದ ಪಾಲಿಸಿ. ಹನ್ನೊಂದು ವರ್ಷದಿಂದ ಒಂದು ಕಂತೂ ತಪ್ಪಿಸಿದವನಲ್ಲ. ಬಿಲ್ಲಾದದ್ದು 1,72,000, ಕಂಪೆನಿ ಕೊಟ್ಟದ್ದು 1,20,600. ಉಳಿದ 51,400 ಯಾವ ಲೆಕ್ಕದಲ್ಲಿ ನನ್ನ ತಲೆಗೆ ಬಂತು, ಟೀಚರ್, ನೀವಾದರೂ ಹೇಳಿ.”

ಟೀಚರ್ ಕನ್ನಡಕ ಏರಿಸಿ ಪೆನ್ಸಿಲು ಕೇಳಿದರು. ನಿವೃತ್ತರಾದ ಮೇಲೂ ಅವರು ಪೆನ್ಸಿಲಿಲ್ಲದೆ ಯಾವ ಕಾಗದವನ್ನೂ ಓದುವುದಿಲ್ಲ.

“ರೂಮಿಗೆ ದಿನಕ್ಕೆ ಎಷ್ಟು ಪೈಗಳೇ?”

“8,000. ಮೂರು ದಿನ. ಡೀಲಕ್ಸ್.”

“ಪಾಲಿಸಿಯಲ್ಲಿ ರೂಮಿನ ಮಿತಿ?”

“ವಿಮೆಯ ಮೊತ್ತದಲ್ಲಿ ಶೇಕಡಾ 1. ಎಂದರೆ ದಿನಕ್ಕೆ 5,000. ಅದು ನನಗೂ ಗೊತ್ತಿತ್ತು. ದಿನಕ್ಕೆ 3,000ದಂತೆ ಒಟ್ಟು 9,000 ಕೈಯಿಂದ ಹೋಗುತ್ತದೆ, ಹೋಗಲಿ ಎಂದುಕೊಂಡೆ. ಮಗಳ ಮಾವ ಕುಂದಾಪುರದಿಂದ ನೋಡಲು ಬರುತ್ತೇನೆಂದಿದ್ದರು. ಐದಾರು ಮಂಚಗಳ ನಡುವೆ ಮಲಗಿದ್ದರೆ ಅವರು ಎಂತ ಎಣಿಸುವುದು?”

“ಅಲ್ಲಿಯೇ ಉಂಟು ಸಮಸ್ಯೆ,” ಎಂದರು ಟೀಚರ್, ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿಗೆ ಹೇಳುವ ಧ್ವನಿಯಲ್ಲಿ. “ನೀವು ಎಂಟು ಸಾವಿರದ ರೂಮು ಹಿಡಿದಿರಿ, ನಿಮಗೆ ಹಕ್ಕಿದ್ದದ್ದು ಐದಕ್ಕೆ. ಆದ್ದರಿಂದ ಕಂಪೆನಿಯವರು ರೂಮಿನ ಬಾಡಿಗೆಯನ್ನು ಮಾತ್ರವಲ್ಲ, ಸರ್ಜನ್ ಫೀಸು, ಅನಸ್ತೇಶಿಯಾ, ಆಪರೇಶನ್ ಥಿಯೇಟರಿನ ಬಾಡಿಗೆ, ಡಾಕ್ಟರು ದಿನಾಲೂ ಬಂದು ‘ಹೇಗಿದ್ದೀರಿ’ ಎಂದು ಕೇಳಿದ್ದು, ಇವೆಲ್ಲವನ್ನೂ ಎಂಟರಲ್ಲಿ ಐದು ಪಾಲಿಗೆ ಇಳಿಸುತ್ತಾರೆ. ಅವುಗಳ ಮೊತ್ತ 96,000. ಅವರು ಕೊಟ್ಟದ್ದು 60,000. ಅಲ್ಲಿ 36,000 ಹೋಯಿತು. ಔಷಧಿ, ಪರೀಕ್ಷೆ, ಒಳಗೆ ಹೊಲಿದ ಮೆಶ್ ಎಂಬ ಬಲೆ, ಇವನ್ನು ಹಾಗೆ ಪಾಲು ಮಾಡಿ ಕತ್ತರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ ಇದ್ದುದರಿಂದ ಆ 52,000 ಬಚಾವಾಯಿತು. ಅದರಲ್ಲೂ 6,400 ಬೇರೆ ಕಾರಣಕ್ಕೆ ಹೋಗಿದೆ, ಆಮೇಲೆ ನೋಡುವ. ಒಟ್ಟು ಸರಿಯಾಯಿತಲ್ಲ?”

ಪೈಗಳು ಮನಸ್ಸಿನಲ್ಲೇ ಕೂಡಿಸಿದರು. ವ್ಯಾಪಾರಿ ಕೂಡಿಸಿದರೆ ತಪ್ಪಾಗುವುದಿಲ್ಲ.

“ಹಾಗಾದರೆ ಮಗಳ ಮಾವನ ಕಣ್ಣಿಗೆ ಚೆಂದ ಕಾಣುವುದಕ್ಕೆ ನಾನು 45,000 ಕೊಟ್ಟ ಹಾಗಾಯಿತು.”

“ಬಂದಿದ್ದರಾ ಅವರು?” ಎಂದು ಭಟ್ಟರು ಕೇಳಿದರು.

“ಇಲ್ಲ ಮಾರಾಯ್ರೆ. ವಾಟ್ಸಾಪಿನಲ್ಲಿ ಒಂದು ಗುಲಾಬಿ ಹೂ ಕಳಿಸಿದರು.”

ಟೀಚರ್ ಇನ್ನೂ ಬಿಡಲಿಲ್ಲ. ದಿನಕ್ಕೆ 5,000 ಮೀರಿದ ರೂಮಿಗೆ 2022ರ ಜುಲೈಯಿಂದ ಶೇಕಡಾ 5 ಜಿಎಸ್‌ಟಿ ಬೇರೆ ಬೀಳುತ್ತದೆಂದೂ, ಆ ಲೆಕ್ಕದ 1,200 ಕೊನೆಯ ಹಾಳೆಯ ಕೆಳಗೆ ಪ್ರತ್ಯೇಕವಾಗಿ ಕುಳಿತಿದೆಯೆಂದೂ ತೋರಿಸಿಕೊಟ್ಟರು. ಪೈಗಳು ಆ ಹಾಳೆಯನ್ನು ಅಲ್ಲಿಯವರೆಗೆ ತಿರುಗಿಸಿಯೇ ಇರಲಿಲ್ಲ.

ಇನ್ನು ಆ 6,400ರ ವಿಚಾರ. ಬಿಲ್ಲಿನ ನಾಲ್ಕನೆಯ ಪುಟದಲ್ಲಿ ಗ್ಲೌಸು, ಹತ್ತಿ, ಮಾಸ್ಕು, ಥರ್ಮಾಮೀಟರು ಎಂದು ಸಾಲುಸಾಲಾಗಿ ಬರೆದು, ಪ್ರತಿಯೊಂದರ ಎದುರಿಗೂ ವಿಮೆಯವರು ಕೊಡುವುದಿಲ್ಲವೆಂಬ ಗುರುತು ಹಾಕಿದ್ದರು. ನಡುವೆ ‘ಅಡ್ಮಿಶನ್ ಕಿಟ್’ ಎಂಬುದೊಂದಿತ್ತು. ಅದು ಏನೆಂದು ಕೇಳಿದ್ದಕ್ಕೆ ಪೈಗಳ ಮಡದಿ ಒಳಗಿನಿಂದ ಒಂದು ಜಿಪ್ಪಿನ ಚೀಲ ತಂದು ಮೇಜಿನ ಮೇಲೆ ಸುರಿದರು. ಸಣ್ಣ ಸಾಬೂನು, ಟೂತ್‌ಪೇಸ್ಟು, ಬ್ರಶ್ಶು, ಇನ್ನೂ ಪ್ಲಾಸ್ಟಿಕ್ಕು ಬಿಚ್ಚದ ಒಂದು ನೀಲಿ ಬಾಚಣಿಗೆ. ಪೈಗಳ ತಲೆಯಲ್ಲಿ ಕೂದಲಿದ್ದುದನ್ನು ನಮ್ಮಲ್ಲಿ ಕಂಡವರು ಶೆಟ್ಟರೊಬ್ಬರೇ, ಅದೂ ಕಾಲೇಜಿನ ದಿನಗಳಲ್ಲಿ.

“ಈ ಒಂದು ವಿಷಯದಲ್ಲಿ ನಾನು ವಿಮಾ ಕಂಪೆನಿಯ ಪಕ್ಷ,” ಎಂದರು ಶೆಟ್ಟರು. “ನಿಮಗೆ ಬಾಚಣಿಗೆ ವೈದ್ಯಕೀಯವಾಗಿ ಅಗತ್ಯವಿರಲಿಲ್ಲ.”

ಭಟ್ಟರಿಗೆ ಮಾತ್ರ ಈ ಬಿಲ್ಲು ವೃತ್ತಿಸಹಜವಾದ ಅಸೂಯೆಯನ್ನು ಉಂಟುಮಾಡಿತು. “ನಾನು ಮದುವೆಗೆ ಎಸ್ಟಿಮೇಟ್ ಕೊಡುವಾಗ ಎಲೆಗೆ ಇಷ್ಟು ಎಂದು ಹೇಳಿದರೆ ಮುಗಿಯಿತು. ಸಾರಿನ ಒಗ್ಗರಣೆಗೆ ಬೇರೆ, ಬಡಿಸುವ ಹುಡುಗ ತೊಟ್ಟ ಕೈಗವಸಿಗೆ ಬೇರೆ ಎಂದು ಬರೆದರೆ ಹುಡುಗಿಯ ಅಪ್ಪ ನನ್ನನ್ನು ಅಟ್ಟಿಸಿಕೊಂಡು ಬರುತ್ತಾನೆ. ಅದಕ್ಕಿಂತ ಮೇಲೆ, ಅವರು ಏಸಿ ಹಾಲ್ ಹಿಡಿದಿದ್ದಾರೆಂದು ಅದೇ ಕೊಪ್ಪರಿಗೆಯ ಸಾಂಬಾರಿಗೆ ಇಮ್ಮಡಿ ದರ ಹಾಕುವ ಬುದ್ಧಿ ನನಗೆ ಇಷ್ಟು ವರ್ಷ ಹೊಳೆಯಲೇ ಇಲ್ಲವಲ್ಲ!”

ಏಕೆಂದರೆ ಪೈಗಳು ಹೇಳಿದ ಇನ್ನೊಂದು ಸಂಗತಿ ಅದೇ ಆಗಿತ್ತು. ಅದೇ ಸರ್ಜನ್, ಅದೇ ಟೇಬಲ್ಲು, ಅದೇ ಮುಕ್ಕಾಲು ಗಂಟೆ. ಆದರೆ ಜನರಲ್ ವಾರ್ಡಿನ ರೋಗಿಗೆ ಒಂದು ಫೀಸು, ಸೆಮಿ ಸ್ಪೆಷಲಿನವನಿಗೆ ಇನ್ನೊಂದು, ಡೀಲಕ್ಸಿನವನಿಗೆ ಮತ್ತೊಂದು. ಇದನ್ನು ಶೆಟ್ಟರು ಸಮರ್ಥಿಸಿದರು. ಮೂವತ್ತು ವರ್ಷ ಸಾಲ ಕೊಡುವ ಕುರ್ಚಿಯಲ್ಲಿ ಕುಳಿತವರಿಗೆ ಯಾವ ದರವೂ ಅನ್ಯಾಯವಾಗಿ ಕಾಣುವುದಿಲ್ಲ. “ಮೇಲಿನ ರೂಮಿನವನು ಹೆಚ್ಚು ಕೊಟ್ಟರೆ ತಾನೇ ವಾರ್ಡಿನವನಿಗೆ ಕಡಿಮೆಯಲ್ಲಿ ಆಗುವುದು? ನಿಮಗೆ ವೈದ್ಯರು ಮಾತ್ರ ಬೇಕಾದರೆ ವೆನ್ಲಾಕಿಗೆ ಹೋಗಬಹುದಿತ್ತು. ಅಲ್ಲಿ ಕಸ್ತೂರ್ಬಾ ಕಾಲೇಜಿನ ಪ್ರೊಫೆಸರರೇ ನೋಡುತ್ತಾರೆ. ನಿಮಗೆ ಬೇಕಾಗಿದ್ದದ್ದು ಸೋಫಾ.” ಮಾತು ಕಟುವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ನನಗನಿಸುವಂತೆ ದರ ಹೆಚ್ಚು ಕಡಿಮೆ ಇರುವುದು ತಪ್ಪಲ್ಲ. ಸೋಫಾದ ಬೆಲೆಯಲ್ಲಿ ಸರ್ಜನರ ಫೀಸೂ ಅಡಗಿದೆ ಎಂಬುದನ್ನು ಮಲಗುವ ಮೊದಲು ಯಾರೂ ಹೇಳುವುದಿಲ್ಲವಲ್ಲ, ತಕರಾರು ಇರುವುದು ಅಲ್ಲಿ. ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನು ಕಾಣುವಂತೆ ಹಾಕಬೇಕೆಂದು ಕರ್ನಾಟಕದಲ್ಲಿ 2007ರ ಕಾನೂನೇ ಇದೆ. 2017ರ ತಿದ್ದುಪಡಿಯ ಮೇಲೆ ತುರ್ತು ಚಿಕಿತ್ಸೆಗೆ ಮುಂಗಡಕ್ಕಾಗಿ ಹಟ ಹಿಡಿಯುವಂತೆಯೂ ಇಲ್ಲ. ಪೈಗಳ ಆಸ್ಪತ್ರೆಯಲ್ಲಿಯೂ ಪಟ್ಟಿ ಇತ್ತಂತೆ. ಅದರ ಮುಂದೆ ಆಳೆತ್ತರದ ಒಂದು ಅಲಂಕಾರದ ಗಿಡವನ್ನೂ ಇಟ್ಟಿದ್ದರಂತೆ.

ಡಿಸ್ಚಾರ್ಜಿನ ದಿನದ ಕಥೆಯನ್ನು ಪೈಗಳ ಮಡದಿ ಹೇಳಿದರು. ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರು ಬಂದು ಮನೆಗೆ ಹೋಗಬಹುದು ಎಂದರು. ಪೈಗಳು ಇಸ್ತ್ರಿ ಮಾಡಿದ ಪಂಚೆಯುಟ್ಟು, ಕೈಯ ಸೂಜಿ ತೆಗೆದ ಜಾಗಕ್ಕೆ ಹತ್ತಿಯೊತ್ತಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ತಪ್ಪೀತೆಂಬಂತೆ ಮಂಚದ ಅಂಚಿನಲ್ಲಿ ಕುಳಿತರು. ಮಧ್ಯಾಹ್ನದ ಊಟವೂ ಹಾಗೆಯೇ ಕುಳಿತಲ್ಲಿಗೆ ಬಂತು, ಅದರ ಬಿಲ್ಲು ಕೂಡ. ವಿಮಾ ಕಂಪೆನಿಯವರು ಆಸ್ಪತ್ರೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಡಿಸ್ಚಾರ್ಜಿಗೆ ಒಪ್ಪಿಗೆ ಕೊಡಬೇಕು, ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ಕಂಪೆನಿಯೇ ಭರಿಸಬೇಕು ಎಂಬ ನಿಯಮ 2024ರಲ್ಲಿ ಬಂದಿದೆ ಎಂದು ಶೆಟ್ಟರು ನಡುವೆ ಬಾಯಿ ಹಾಕಿದರು.

“ನಿಯಮ ಪಾಲಿಸಿದ್ದಾರೆ,” ಎಂದರು ಪೈಗಳು. “ಆಸ್ಪತ್ರೆಯವರು ಕಾಗದ ಕಳಿಸಿದ್ದು ಎರಡು ಗಂಟೆಗೆ. ಒಪ್ಪಿಗೆ ಬಂದದ್ದು ಐದಕ್ಕೆ ಐದು ನಿಮಿಷ ಇರುವಾಗ.”

ಇಷ್ಟರಲ್ಲಿ ನಮ್ಮ ಊರೇ ಕೆಟ್ಟದ್ದೆಂಬ ಭಾವನೆ ಬರತೊಡಗಿತ್ತು. ಟೀಚರ್ ಅದನ್ನು ಸಹಿಸಲಿಲ್ಲ. ಅವರ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಚಳಿಗಾಲದಲ್ಲಿ ಮನೆಯ ಮುಂದಿನ ಮಂಜಿನಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. “ಪೈಗಳೇ, ನಿಮಗೆ ಬಿಲ್ಲು ಅದೇ ದಿನ ಬಂತು. ಅವಳಿಗೆ ಕೈ ಸರಿಯಾಗಿ ಚಪಾತಿ ಲಟ್ಟಿಸಲು ಆರಂಭಿಸಿದ ಮೇಲೆ ಒಂದೊಂದಾಗಿ ಬಂತು. ಆಸ್ಪತ್ರೆಯದ್ದು ಒಂದು, ಎಕ್ಸ್‌ರೇ ಓದಿದ ಡಾಕ್ಟರದ್ದು ಒಂದು, ಎಮರ್ಜೆನ್ಸಿ ಡಾಕ್ಟರದ್ದು ಇನ್ನೊಂದು. ಮೊದಲು ಬಂದ ಕಾಗದದಲ್ಲಿ ದೊಡ್ಡ ಮೊತ್ತ ಬರೆದು, ಮೇಲೆ ‘ಇದು ಬಿಲ್ಲಲ್ಲ’ ಎಂದು ಅಚ್ಚು ಮಾಡಿದ್ದರು.”

“ಬಿಲ್ಲಲ್ಲದಿದ್ದರೆ ಮತ್ತೆ ಎಂತದು? ಲಗ್ನಪತ್ರಿಕೆಯಾ?”

“ವಿಮೆಯವರು ಎಷ್ಟು ಕೊಡುತ್ತಾರೆ, ಎಷ್ಟು ಕೊಡುವುದಿಲ್ಲ ಎಂಬ ವಿವರಣೆಯಂತೆ. ಹೆದರಲು ಒಂದು ಕಾಗದ, ಕಟ್ಟಲು ಇನ್ನೊಂದು.” ವಿಮೆಯ ನೆಟ್‌ವರ್ಕಿಗೆ ಸೇರಿದ ಆಸ್ಪತ್ರೆಗೇ ಹೋದರೂ ಒಳಗೆ ಅನಸ್ತೇಶಿಯಾ ಕೊಟ್ಟವನು ಆ ನೆಟ್‌ವರ್ಕಿಗೆ ಸೇರದವನಾಗಿದ್ದರೆ ಅವನು ತನ್ನ ಮನಸ್ಸಿಗೆ ಬಂದ ಬಿಲ್ಲು ಕಳಿಸುವ ಪದ್ಧತಿ ಅಲ್ಲಿತ್ತು, 2022ರ ಜನವರಿ 1ರಿಂದ ಜಾರಿಗೆ ಬಂದ ‘ನೋ ಸರ್ಪ್ರೈಸಸ್’ ಕಾಯ್ದೆ ಅದಕ್ಕೆ ಬಹುಮಟ್ಟಿಗೆ ತಡೆಹಾಕಿದೆ. ಆ ಕಾಯ್ದೆ ಹೆಲಿಕಾಪ್ಟರ್ ಆಂಬುಲೆನ್ಸಿಗೆ ಅನ್ವಯಿಸುತ್ತದೆ, ರಸ್ತೆಯ ಮೇಲೆ ಓಡುವ ಆಂಬುಲೆನ್ಸಿಗೆ ಅನ್ವಯಿಸುವುದಿಲ್ಲ ಎಂದು ಟೀಚರ್ ಹೇಳಿದಾಗ, ಭಟ್ಟರು ಬಹಳ ಹೊತ್ತು ಯೋಚಿಸಿ, ಹಾಗಾದರೆ ಬಡವರು ಹಾರಿಕೊಂಡೇ ಹೋಗುವುದು ಒಳ್ಳೆಯದೆಂದು ತೀರ್ಪು ಕೊಟ್ಟರು. ನಮ್ಮಲ್ಲಿ 2008ರಿಂದ 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸಿಗೆ ದುಡ್ಡಿಲ್ಲ. ಇದನ್ನು ಕೇಳಿ ಟೀಚರ ಅಳಿಯ ಅಲ್ಲಿಂದ ಮಂಗಳೂರಿನ 108ಕ್ಕೆ ಫೋನ್ ಮಾಡಿದರೆ ಹೇಗೆ ಎಂದು ತಮಾಷೆ ಮಾಡಿದ್ದನಂತೆ.

ಸರಕಾರದ ಯೋಜನೆಗಳ ಮಾತು ಬಂದಾಗ ಶೆಟ್ಟರ ಧ್ವನಿ ತಗ್ಗಿತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ತುರ್ತು ಇಲ್ಲದ ದೊಡ್ಡ ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಬರಬೇಕು. ಶೆಟ್ಟರ ಮನೆಯದ್ದು ಎಪಿಎಲ್ ಕಾರ್ಡು. ಇಷ್ಟು ಕಾಲ ಅದನ್ನು ಪದವಿ ಪ್ರಮಾಣಪತ್ರದಂತೆ ಜೋಪಾನ ಮಾಡಿದ್ದ ಅವರು ಆ ಶೇಕಡಾ 30ನ್ನು ಎರಡೆರಡು ಸಲ ಉಚ್ಚರಿಸಿದರು. ಭಟ್ಟರ ಸ್ಥಿತಿ ಇನ್ನೂ ವಿಚಿತ್ರ. ಸಹಕಾರಿ ಸಂಘದ ಸದಸ್ಯರಾದ ಅವರಿಗೆ 2023ರಲ್ಲಿ ಮತ್ತೆ ಆರಂಭವಾದ ಯಶಸ್ವಿನಿ ಆರೋಗ್ಯ ಯೋಜನೆಗೆ ಸೇರಲು ಹಕ್ಕಿತ್ತು. ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ ಕಟ್ಟಿದರೆ 5 ಲಕ್ಷದವರೆಗಿನ ರಕ್ಷಣೆ. ಸೊಸೈಟಿಯ ಸೆಕ್ರೆಟರಿ ಫೋನ್ ಮಾಡಿದಾಗ ಭಟ್ಟರು ಎರಡು ಸಾವಿರ ಎಲೆಯ ಒಂದು ಬ್ರಹ್ಮಕಲಶದ ಅಡುಗೆಯಲ್ಲಿದ್ದರು. ಪಾಯಸ ಇಳಿಸಿ ಕೈ ತೊಳೆಯುವಷ್ಟರಲ್ಲಿ ನೋಂದಣಿ ಮುಗಿದಿತ್ತು.

“ಈಗ ನನ್ನ ಕಣ್ಣಿನ ಪೊರೆ ತೆಗೆಸಬೇಕು,” ಎಂದರು ಭಟ್ಟರು. “ಬೇಳೆಯಲ್ಲಿ ಕಲ್ಲು ಕಾಣುವುದಿಲ್ಲ. ಎಷ್ಟಾದೀತು?”

ಅದಕ್ಕೆ ಉತ್ತರವಾಗಿ ಪೈಗಳು ಮಲಗಿದಲ್ಲಿಂದಲೇ ಹೇಳಿದರು, ಫೋನ್ ಮಾಡಿ ಕೇಳಿ, ಇಲ್ಲಿಯೇ, ನಮ್ಮ ಎದುರಿಗೆ, ಸ್ಪೀಕರ್ ಹಾಕಿ. ಟೀಚರ್ ಬಿಲ್ಲಿನ ಹಿಂಬದಿಯಲ್ಲಿ ಪ್ರಶ್ನೆಗಳನ್ನು ಬರೆದುಕೊಟ್ಟರು. ಯಾವ ಲೆನ್ಸು, ಅದರ ಬೆಲೆ ಪ್ಯಾಕೇಜಿನೊಳಗೋ ಹೊರಗೋ, ರೂಮು ಬದಲಾದರೆ ಸರ್ಜನ್ ಫೀಸು ಬದಲಾಗುತ್ತದೋ, ವಿಮೆಯವರು ಕೊಡದ ಸಾಮಾನುಗಳಿಗೆ ಸುಮಾರು ಎಷ್ಟು, ಕಿಟ್ ಬೇಡವೆಂದರೆ ಬಿಡುತ್ತೀರೋ. ಭಟ್ಟರು ಗಂಟಲು ಸರಿಮಾಡಿಕೊಂಡು ಮೊದಲನೆಯದನ್ನು ಓದುವಷ್ಟರಲ್ಲಿ ಆ ಕಡೆಯ ಹುಡುಗಿ ನಯವಾಗಿ ಕೇಳಿದಳು: “ಇನ್ಶೂರೆನ್ಸ್ ಉಂಟಾ ಸರ್, ಕ್ಯಾಶಾ?”

“ಅದರಿಂದ ಕಣ್ಣಿಗೆ ಎಂತ ವ್ಯತ್ಯಾಸ ತಾಯಿ?”

“ಪ್ಯಾಕೇಜ್ ಬೇರೆ ಆಗುತ್ತದೆ ಸರ್.”

“ಹಾಗಾದರೆ ಎರಡನ್ನೂ ಹೇಳಿ. ಯಾವುದು ಕಡಿಮೆಯೋ ಅದು ನನ್ನಲ್ಲಿ ಉಂಟು.”

ಒಂದು ಕ್ಷಣ ಆ ಕಡೆ ಯಾರದೋ ಜೊತೆ ಪಿಸುಮಾತು ನಡೆಯಿತು. ಡಾಕ್ಟರು ಕಣ್ಣು ನೋಡದೆ ದರ ಹೇಳಲಾಗದೆಂದೂ, ಸೋಮವಾರ ಹತ್ತೂವರೆಗೆ ಬಂದರೆ ಕನ್ಸಲ್ಟೇಶನ್ 400 ಆಗುವುದೆಂದೂ, ಜೊತೆಗೆ ಒಬ್ಬರನ್ನು ಕರೆದುಕೊಂಡು ಬರಬೇಕೆಂದೂ ಉತ್ತರ ಬಂತು.

“ಟೀಚರನ್ನು ಕರೆದುಕೊಂಡು ಬರುತ್ತೇನೆ,” ಎಂದರು ಭಟ್ಟರು. “ಅವರಿಗೆ ಬೇರೆ ಫೀಸುಂಟಾ?”