ಒಂದೆಕ್ರೆ ಪೂರ್ತಿ ಸೇವಂತಿಗೆ ಹಾಕ್ಬೇಕು ಅಂತಿದೀನಿ, ಬೆಳೆದೋರು ಹೇಳಿ

ಭರಮಸಾಗರ ಹುಡ್ಗ:
ಎಲ್ರಿಗೂ ನಮಸ್ಕಾರ. ಭರಮಸಾಗರ ಹತ್ರ ನಮ್ದು ಒಂದೂವರೆ ಎಕ್ರೆ ಕೆಂಪು ಮಣ್ಣು, ಬೋರಲ್ಲಿ 2 ಇಂಚು ನೀರು, ಬೇಸ್ಗೇಲಿ ಅದೂ ಕಮ್ಮಿ ಆಗುತ್ತೆ. ಅಪ್ಪ ಇಷ್ಟು ವರ್ಷ ಮೆಕ್ಕೆಜೋಳ ಹಾಕ್ತಿದ್ರು, ಬೀಜ ಗೊಬ್ಬರದ ದುಡ್ಡು ಕಳೆದ್ರೆ ಕೈಗೆ ಏನೂ ಉಳೀತಿರ್ಲಿಲ್ಲ. ನಾನು ಬೆಂಗಳೂರಿನ ಕೆಲ್ಸ ಬಿಟ್ಟು ಬಂದು ನಾಲ್ಕು ತಿಂಗ್ಳಾಯ್ತು. ಹೋದ ವರ್ಷ ಆಯುಧಪೂಜೆ ಹಿಂದಿನ ದಿನ ದಾವಣಗೆರೇಲಿ ಒಂದು ಮಾರು ಸೇವಂತಿಗೆಗೆ 150 ಕೊಟ್ಟೆ, ಅವತ್ತೇ ತಲೇಲಿ ಹುಳ ಹೊಕ್ತು. ಈ ಸಲ ಒಂದೆಕ್ರೆ ಪೂರ್ತಿ ಅದನ್ನೇ ಹಾಕಿ ದಸರಾ ದೀಪಾವಳಿ ಹಿಡಿಯೋಣ ಅಂತ. ಅಪ್ಪ ಮಾತ್ರ ಹೂವಿನ ರೇಟು ನಂಬಿ ಮನೆ ಕಟ್ಬೇಡ ಅಂತಾರೆ. ಯಾರ ಮಾತು ಕೇಳ್ಲಿ?

ಹಿರಿಯೂರು ಕಡೆಯವ:
ತಮ್ಮಾ, 150 ಕೊಟ್ಟಿದ್ಯಲ್ಲ, ಅದು ಕಟ್ಟಿದ ಹೂವಿನ ರೇಟು, ರೈತನ ಕೈಗೆ ಬಂದಿದ್ದಲ್ಲ. ನಾನು 9 ವರ್ಷದಿಂದ ಸೇವಂತಿಗೆ ಹಾಕ್ತಿದೀನಿ. ಇದು ಹಗಲು ಕಮ್ಮಿಯಾಗಿ ರಾತ್ರಿ ಉದ್ದ ಆದ್ಮೇಲೇ ಮೊಗ್ಗು ಕಟ್ಟೋ ಗಿಡ. ನೀನು ಮೇ ತಿಂಗ್ಳಲ್ಲಿ ನಾಟಿ ಮಾಡು, ಪಕ್ಕದವ್ನು ಜುಲೈಲಿ ಮಾಡ್ಲಿ, ಸ್ವಲ್ಪ ಹಿಂದೆ ಮುಂದೆ ಅಷ್ಟೇ, ಎಲ್ಲಾರ್ದೂ ಒಂದೇ ಸೀಸನ್ನಿಗೆ ಬಂದು ಮಾರ್ಕೆಟ್ಟಲ್ಲಿ ಬೀಳುತ್ತೆ. ಹಬ್ಬದ ಹಿಂದಿನ ಎರಡು ದಿನ ರಾಜ, ವಿಜಯದಶಮಿ ಮಾರನೇ ದಿನ ಅದೇ ಹೂವನ್ನ ಮೂಟೆಗಟ್ಲೆ ರೋಡ್ ಪಕ್ಕ ಸುರಿದು ಬಂದಿದೀನಿ, ಗಾಡಿ ಬಾಡಿಗೆ ಕೈಯಿಂದ ಕೊಟ್ಟು. ಬೆಂಗಳೂರು ಸುತ್ತಮುತ್ತ ಹೊಲದ ತುಂಬಾ ಬಲ್ಬ್ ಕಟ್ಟಿ ರಾತ್ರಿ ಉರಿಸ್ತಾರಲ್ಲ, ಮೊಗ್ಗು ಮುಂದಕ್ಕೆ ತಳ್ಳೋಕೇ ಅದು. ನಮ್ ಕಡೆ ರಾತ್ರಿ ಕರೆಂಟ್ ನಂಬ್ಕೊಂಡು ಅದನ್ನ ಮಾಡೋಕಾಗುತ್ತಾ, ನೀನೇ ಹೇಳು.
ಹಾಕೋದಾದ್ರೆ 15 ಗುಂಟೆ ಹಾಕು. ನಾಟಿ ಆಗಿ ಒಂದು ತಿಂಗ್ಳಿಗೆ ಕುಡಿ ಚಿವುಟೋದು ಮರೀಬೇಡ, ಚಿವುಟಿದ್ರೇನೇ ಪಕ್ಕದ ಕವಲು ಒಡೆದು ಹೂ ಜಾಸ್ತಿ ಬರೋದು. ಮೊದಲ್ನೇ ವರ್ಷ ನನಗೆ ಮನಸ್ಸು ಬರದೆ ಹಂಗೇ ಬಿಟ್ಟು ಕಡ್ಡಿ ಬೆಳೆಸಿದ್ದೆ. ಮತ್ತೆ ನೀರು ನಿಲ್ಲಬಾರ್ದು, ಬೇರು ಕೊಳೆತ್ರೆ ಮುಗೀತು.

ಕನಕಾಂಬರ ಅಕ್ಕ:
ಎಲ್ರೂ ನೀರು, ರೇಟು ಅಂತೀರಿ, ಹೂ ಬಿಡಿಸೋರು ಯಾರು ಅಂತ ಯಾರೂ ಕೇಳಂಗಿಲ್ಲ ನೋಡ್ರಿ. ನಮ್ದು ಹರಿಹರ ರೋಡ್ ಕಡೆ. 20 ಗುಂಟೆ ಸುಗಂಧರಾಜ, 8 ಗುಂಟೆ ಕನಕಾಂಬರ. ಕನಕಾಂಬರ ತೂಕಕ್ಕೆ ಬರೋದೇ ಇಲ್ಲ, ಬೆಳಗ್ಗೆ ಬೆಳಗ್ಗೆ ಇಬ್ರು ಕೂತು ಬಿಡಿಸಿದ್ರೂ ಪುಟ್ಟಿ ತಳ ಮುಚ್ಚಂಗಿಲ್ಲ. ಆದ್ರೆ ದಿನ ಬಿಟ್ಟು ದಿನ ಬಿಡಿಸಿದ್ರೆ ಸಾಕು, ಎರಡು ದಿನ ಬಾಡಂಗಿಲ್ಲ, ಅದಕ್ಕೇ ಇಟ್ಕೊಂಡೀನಿ. ಸುಗಂಧರಾಜ ಒಂದ್ಸಲ ಗೆಡ್ಡೆ ಹಾಕಿದ್ರೆ 2-3 ವರ್ಷ, ದಿನಾ ಒಂದಿಷ್ಟು ಬರ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಪ್ರಜ್ವಲ್ ತಳಿ ನಂದು, ಮೊಗ್ಗು ದಪ್ಪ.
ನಾನು ಮಂಡಿಗೆ ಅರ್ಧ ಅಷ್ಟೇ ಹಾಕೋದು. ಉಳಿದಿದ್ದು ಮನೇಲೇ ಕಟ್ಟಿ ಎರಡು ಗುಡಿಗೆ, ಒಂದಿಷ್ಟು ಮನೆಗೆ ವರ್ತನೆ, ಅಂದ್ರ ದಿನಾ ತಪ್ಪದೆ ಹೂ, ಕೊಡ್ತೀನಿ. ನನ್ ಕೈ ಗಿಡ್ಡ, ಮಾರು ಕಮ್ಮಿ ಬರ್ತದೆ ಅಂತ ಗಿರಾಕಿಗಳು ಜಗಳ ತೆಗೀತಾರ, ಅದಕ್ಕೆ ನಮ್ಮ ಅತ್ತೆ ಕೈಲಿ ಅಳೆಸ್ತೀನಿ. ಆಷಾಢ, ಪಿತೃಪಕ್ಷ, ಧನುರ್ಮಾಸದಾಗ ಮದುವಿ ಇರಂಗಿಲ್ಲ, ಮಂಡಿ ರೇಟು ನೆಲ ಕಚ್ತದೆ. ವರ್ತನೆ ಮನೆಯೋರು ಆವಾಗ್ಲೂ ದೇವ್ರಿಗೆ ಹೂ ಏರಿಸೋದು ಬಿಡಂಗಿಲ್ಲಲ್ರಿ.

ಚೆಂಡುಹೂ ಮಂಜ:
ಅಕ್ಕ ಹೇಳಿದ್ದು ಸರಿ, ಆದ್ರೆ ಗಂಡುಡುಗ ಒಬ್ನೇ ಕೂತು ಹೂ ಕಟ್ತಾನಾ 😂 ಚೆಂಡುಹೂವು ಹಾಕು ಬ್ರೋ. ಸಸಿ ನೆಟ್ಟು ಎರಡು ತಿಂಗ್ಳಿಗೆ ಕೊಯ್ಲು ಶುರು, ಎರಡಡಿಗೆ ಒಂದೂವರೆ ಅಡಿ ಲೆಕ್ಕದಲ್ಲಿ ಎಕ್ರೆಗೆ 14 ಸಾವಿರ ಸಸಿ ಬೇಕು. 10 ಗುಂಟೆ ಒಂದ್ಸಲ, 20 ದಿನ ಬಿಟ್ಟು ಇನ್ನೊಂದು 10 ಗುಂಟೆ, ಹಂಗೆ ಬಿಟ್ಟು ಬಿಟ್ಟು ಹಾಕು, ಯಾವ್ದೋ ಒಂದು ಹಬ್ಬಕ್ಕೆ ಸಿಕ್ಕೇ ಸಿಗುತ್ತೆ. ಮಳೇಲಿ ನೆಂದ ಹೂ ಮಾತ್ರ ಮಂಡಿಗೆ ಒಯ್ಬೇಡ, ನೀರಿನ ತೂಕ ಅಂತ ಕೆಜಿಗಟ್ಲೆ ಹೊಡೀತಾರೆ. ನನಗೆ ಒಬ್ರು ನೂರಕ್ಕೆ 10 ಕಮಿಷನ್ ಮುರ್ಕೊಂಡು ಮೇಲೆ ಕೈಹೂವು ಅಂತ ಒಂದು ಬೊಗಸೆ ಬೇರೆ ತಗೊಂಡ್ರು. ರೈತನ ಹತ್ರ ಕಮಿಷನ್ ತಗೋಬಾರ್ದು ಅಂತ ರೂಲ್ಸ್ ಇದೆ, ಕೇಳಿದ್ರೆ ನಾಳೆಯಿಂದ ಬರ್ಬೇಡ ಅಂತಾರೆ.

ಭರಮಸಾಗರ ಹುಡ್ಗ:
ಎಲ್ರಿಗೂ ಥ್ಯಾಂಕ್ಸ್. ಅಪ್ಪಂಗೆ ಓದಿ ಹೇಳ್ದೆ, ರೋಡಿಗೆ ಸುರಿದಿದ್ದು ಕೇಳಿ ನಕ್ಕಿದ್ದೇ ನಕ್ಕಿದ್ದು. 15 ಗುಂಟೆ ಸೇವಂತಿಗೆ, 10 ಗುಂಟೆ ಸುಗಂಧರಾಜ, ಉಳಿದಿದ್ದಕ್ಕೆ ಈ ವರ್ಷ ಮೆಕ್ಕೆಜೋಳನೇ ಅಂತ ಒಪ್ಪಂದ ಆಯ್ತು. ಅಮ್ಮ ಹೂ ಕಟ್ತಾರಂತೆ, ಅಮ್ಮನ ಕೈ ಉದ್ದ ಇದೆ. ಅಕ್ಕಾ, ಗೆಡ್ಡೆ ನಿಮ್ಮತ್ರ ಸಿಗುತ್ತಾ?

ಕನಕಾಂಬರ ಅಕ್ಕ:
ಹಳೇ ಸಾಲು ಕಿತ್ತಾಗ ಕೊಡ್ತೀನಿ ತಮ್ಮ. ಕಿತ್ತ ತಕ್ಷಣ ನೆಡಬ್ಯಾಡ, ಒಂದು ತಿಂಗ್ಳು ನೆರಳಾಗ ಆರಬೇಕು. ಚೀಲ ನೀನೇ ತಗೊಂಡ್ ಬಾ.